ಅಪ್ಪ ವಾಚು ಬಿಚ್ಚಿಟ್ಟ ದಿನ

ಅದು 1996ನೇ ಇಸವಿ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ಮೈಸೂರಿನ ವಿದ್ಯಾರಣ್ಯಪುರಂನಲ್ಲಿ ಹೆಣ್ಣುಮಕ್ಕಳ ಒಂದು ಉಚಿತ ಹಾಸ್ಟೆಲ್ಲಿನಲ್ಲಿದ್ದುಕೊಂಡು ಓದುತ್ತಿದ್ದೆ. ಓದುತ್ತಿದ್ದೆ ಎನ್ನುವುದಕ್ಕಿಂತ ಹೊಡೆದಾಡುತ್ತಿದ್ದೆ ಎಂದರೆ ಸರಿಯಾದೀತು. ಹೆಸರು ರಾಜೇಶ್ವರಿ, ಎಲ್ಲರ ಬಾಯಲ್ಲಿ ರಾಜಿ. "ಹೆಸರಿಗೆ ಮಾತ್ರ ರಾಜಿ, ಯಾರ ಜೊತೇಲೂ ರಾಜಿ ಆಗಲ್ಲ ಇವಳು" ಎಂದು ಅಡುಗೆಯ ಚಿಕ್ಕತಾಯಮ್ಮ ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ನಮ್ಮ ಮನೆ ಊರಿನ ಇನ್ನೊಂದು ತುದಿಯ ಒಂದು ವಠಾರದಲ್ಲಿತ್ತು. ಅಪ್ಪ ಮರದ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಕುಡಿದು ಬಂದು ಹೆಂಡತಿಗೆ ಹೊಡೆಯುವವರನ್ನು ಎಲ್ಲರೂ ನೋಡಿರುತ್ತಾರೆ. ನಮ್ಮಪ್ಪ ಒಂದು ತೊಟ್ಟೂ ಕುಡಿಯುತ್ತಿರಲಿಲ್ಲ. ಅಕ್ಕಪಕ್ಕದವರಿಗೆ ಏನೇ ಕಷ್ಟ ಬಂದರೂ ಮೊದಲು ಓಡುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತಾರಲ್ಲ, ಹಾಗೆ. ಅವನು ಹೊಡೆಯುವುದಕ್ಕೂ ಒಂದು ಕ್ರಮವಿತ್ತು. ಎಲ್ಲರಂತೆ ಎಡಗೈಗಲ್ಲದೆ ಬಲಗೈಗೆ ಒಂದು ವಾಚು ಕಟ್ಟುತ್ತಿದ್ದ. ಮದುವೆಯಲ್ಲಿ ನನ್ನ ತಾತ ಕೊಟ್ಟದ್ದು. ಅದಕ್ಕೆ ಏಟು ತಾಗಬಾರದೆಂದು ಮೊದಲು ಅದನ್ನು ಬಿಚ್ಚಿ ಕಿಟಕಿಯ ಮೇಲಿಡುತ್ತಿದ್ದ. ಅದರ ಸ್ಟೀಲಿನ ಪಟ್ಟಿ 'ಟಕ್' ಎಂದು ಬಿಚ್ಚಿಕೊಳ್ಳುವ ಸದ್ದು ಕೇಳಿದರೆ ಸಾಕು, ಅವ್ವ ಸ್ಟವ್ ಆರಿಸಿ ಗೋಡೆಗೆ ಒತ್ತಿಕೊಂಡು ನಿಲ್ಲುತ್ತಿದ್ದಳು.

ಒಂದು ಸಂಜೆ ಆ ಸದ್ದು ಕೇಳಿದ ತಕ್ಷಣ ನಾನು ಲಟ್ಟಣಿಗೆ ಎತ್ತಿಕೊಂಡು ಅಪ್ಪನ ಮುಂಗೈಗೆ ಬಾರಿಸಿಬಿಟ್ಟೆ. ಅಪ್ಪ ಕೈ ಹಿಡಿದುಕೊಂಡು ಕೂತ. ಆಮೇಲೆ ನನ್ನನ್ನು ಅವನು ನೋಡಿದ ರೀತಿ ನೋಡಿ ಅವ್ವನಿಗೆ ಎಲ್ಲ ತಿಳಿದುಹೋಯಿತು. ಮಾರನೆಯ ದಿನ ಅಪ್ಪ ಮಿಲ್ಲಿಗೆ ಹೋದ ಮೇಲೆ ನನ್ನ ಬಟ್ಟೆ ಕಟ್ಟಿ ಹಾಸ್ಟೆಲ್ಲಿಗೆ ಕರೆತಂದು, ವಾರ್ಡನ್ನಿನ ಮುಂದೆ ಹೆಬ್ಬೆಟ್ಟು ಒತ್ತಿದಳು. "ನೀನಾದ್ರೂ ಉಳ್ಕೊ ಕಣವ್ವ" ಎಂದಷ್ಟೇ ಹೇಳಿ, ಹಿಂತಿರುಗಿ ನೋಡದೆ ಹೋದಳು.

ನಾನು ಉಳಿದುಕೊಂಡೆ. ಆದರೆ ಲಟ್ಟಣಿಗೆ ಹಿಡಿದ ಕೈ ನನ್ನ ಜೊತೆಗೇ ಬಂದಿತ್ತು. ಹಾಸ್ಟೆಲ್ಲಿನಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಮಾತಾಡಿದರೆ ಸಾಕು, ನಾನು ಮೇಲೆ ಬೀಳುತ್ತಿದ್ದೆ. ಸ್ನಾನದ ನೀರಿನ ಬಕೆಟ್ಟಿಗೆ ಜಗಳವಾಗಿ ಸುಧಾ ಎಂಬ ಹುಡುಗಿಯ ಹಣೆಗೆ ಚೊಂಬಿನಿಂದ ಹೊಡೆದೆ. ಅವಳೇನೂ ಕಡಿಮೆಯಲ್ಲ, ನನ್ನ ತೋಳು ಕಚ್ಚಿದಳು. ಅವಳ ಮಲತಾಯಿ ಸೌಟು ಕಾಯಿಸಿ ಬರೆ ಹಾಕುತ್ತಿದ್ದಳಂತೆ. ಸುಧಾ ಕಚ್ಚಲು ಕಲಿತದ್ದು ಅಲ್ಲಿ.

ನಮ್ಮ ವಾರ್ಡನ್ ಗೌರಮ್ಮನವರು. ಹಣೆಯ ತುಂಬ ವಿಭೂತಿ, ಬಿಗಿಯಾಗಿ ಕಟ್ಟಿದ ತುರುಬು, ಇಸ್ತ್ರಿ ಹಾಕಿದ ಹಾಗಿನ ಮಾತು. ಅಂದು ನಮ್ಮಿಬ್ಬರನ್ನೂ ಆಫೀಸಿನಲ್ಲಿ ನಿಲ್ಲಿಸಿ, "ಕೈ ಎತ್ತೋರಿಗೆ ಇಲ್ಲಿ ಜಾಗ ಇಲ್ಲ. ಇದು ಈ ಹಾಸ್ಟೆಲ್ಲಿನ ರೂಲ್ಸು. ಇನ್ನೊಂದ್ಸಲ ಎತ್ತಿದ್ಯೋ ರಾಜಿ, ನಿಮ್ಮಪ್ಪನ್ನ ಕರೆಸಿ ಕಳಿಸ್ಬುಡ್ತೀನಿ" ಎಂದರು.

ಅದೇ ತಿಂಗಳು ಹಾಸ್ಟೆಲ್ಲಿಗೆ ಲಲಿತಾ ಮೇಡಂ ಬರತೊಡಗಿದರು. ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುವವರು. ಭಾನುವಾರ ತಿಂಡಿಯಾದ ಮೇಲೆ ನಮ್ಮಂಥ ಕೆಲವು ಹುಡುಗಿಯರನ್ನು ಊಟದ ಹಾಲ್‌ನಲ್ಲಿ ಕೂರಿಸಿಕೊಂಡು ಸಿಟ್ಟು ಹಿಡಿತಕ್ಕೆ ತರುವುದನ್ನು ಕಲಿಸುತ್ತಾರೆ ಎಂದು ಗೌರಮ್ಮನವರು ಹೇಳಿದರು. ಬೇರೆ ಹುಡುಗಿಯರು ಅದಕ್ಕೆ 'ಮೆಣಸಿನಕಾಯಿ ಕ್ಲಾಸು' ಎಂದು ಹೆಸರಿಟ್ಟರು. ಹೋಗದಿದ್ದರೆ ಗೌರಮ್ಮನವರು ಬಿಡುತ್ತಿರಲಿಲ್ಲ, ಹೋದೆ.

ಮೊದಲ ಕ್ಲಾಸಿನಲ್ಲೇ ಅನಾಹುತವಾಯಿತು. ಮೇಡಂ ನಗುತ್ತ ಕುಳಿತರು, ಹೊತ್ತು ನೋಡಿಕೊಳ್ಳಲು ಕೈಯಲ್ಲಿದ್ದ ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. ಟಕ್. ಆಮೇಲಿನದು ನನಗೆ ನೆನಪಿಲ್ಲ. ಕಣ್ಣು ತಿಳಿಯಾದಾಗ ಮೇಜು ತಲೆಕೆಳಗಾಗಿ ಬಿದ್ದಿತ್ತು. ವಾಚಿನ ಗಾಜು ಪುಡಿಯಾಗಿತ್ತು. ಹುಡುಗಿಯರು ಗೋಡೆ ಹಿಡಿದು ನಿಂತಿದ್ದರು. ಸದ್ದು ಕೇಳಿ ಗೌರಮ್ಮನವರು ಓಡಿಬಂದರು.

"ಆಯ್ತು. ಇವತ್ತೇ ಕಳಿಸ್ತೀನಿ ಇವಳನ್ನ."

"ಅವಳು ಯಾರ ಮೇಲೂ ಕೈ ಎತ್ತಲಿಲ್ಲ ಗೌರಮ್ಮನವರೇ. ಮೇಜು ಮನುಷ್ಯ ಅಲ್ಲವಲ್ಲ" ಎಂದರು ಮೇಡಂ.

"ಹಂಗಾದ್ರೆ ಇನ್ಮೇಲೆ ಮೇಜಿಗೂ ಇದೇ ರೂಲ್ಸು" ಎಂದು ಗೌರಮ್ಮನವರು ಹೊರಟುಹೋದರು.

ಮೇಡಂ ಗಾಜಿನ ಚೂರು ಆಯುತ್ತ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತರು. ಏಕೆ ಹೀಗೆ ಮಾಡಿದೆ ಎಂದು ಕೇಳುತ್ತಾರೆ, ಏನಾದರೂ ಒರಟಾಗಿ ಹೇಳಬೇಕೆಂದು ನಾನು ಸಿದ್ಧವಾಗಿದ್ದೆ. ಅವರು, "ಏನು ಕೇಳಿಸ್ತು ನಿಂಗೆ?" ಎಂದರು. ಅಪ್ಪನ ವಾಚಿನ ವಿಷಯ ಮೊದಲ ಸಲ ಒಬ್ಬರ ಮುಂದೆ ಹೇಳಿದೆ.

ಮುಂದಿನ ಭಾನುವಾರ ಅವರು ನಮ್ಮನ್ನೆಲ್ಲ ಕೇಳಿದರು: "ಒಲೆ ಹತ್ತಿಕೊಳ್ಳೋಕೆ ಮುಂಚೆ ಹೊಗೆ ಬರುತ್ತಲ್ವಾ? ನಿಮ್ಮ ಸಿಟ್ಟಿಗೆ ಹೊಗೆ ಎಲ್ಲಿ ಬರುತ್ತೆ? ಮೈಯಲ್ಲಿ ಹುಡುಕಿ ನೋಡಿ." ಮೊದಲು ನಕ್ಕೆವು. ಹುಡುಕಿದರೆ ನಿಜವಾಗಿಯೂ ಸಿಕ್ಕಿತು. ಒಬ್ಬಳಿಗೆ ಕಿವಿ ಬಿಸಿಯಾಗುತ್ತಿತ್ತು. ಸುಧಾಳಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ನನಗೆ ಬಲಗೈಯ ಕಿರುಬೆರಳು ತಣ್ಣಗಾಗುತ್ತಿತ್ತು. ನನ್ನ ಬೆರಳು ನನಗೇ ಇಷ್ಟು ದಿನ ಗೊತ್ತಿರಲಿಲ್ಲ.

"ಹೊಗೆ ಕಂಡ ತಕ್ಷಣ ಕೈಗೆ ಒಂದು ಕೆಲಸ ಕೊಡಿ. ಬಾಯಲ್ಲಿ ಅದಕ್ಕೊಂದು ಹೆಸರು ಹೇಳಿ" ಎಂದು ಮೇಡಂ ಹೇಳಿಕೊಟ್ಟರು. ನಾವು ಅದನ್ನು ಕೆಲವು ದಿನ ಚೆನ್ನಾಗಿಯೇ ದುರುಪಯೋಗ ಮಾಡಿಕೊಂಡೆವು. "ಚಿಕ್ಕತಾಯಮ್ಮಾ, ಸಾರಿಗೆ ಉಪ್ಪಿಲ್ಲ, ನಂಗೆ ಹೊಗೆ ಬರ್ತಿದೆ" ಎಂದು ಒಬ್ಬಳು, "ನಂಗೂ ಬರ್ತಿದೆ" ಎಂದು ಇನ್ನೊಬ್ಬಳು. "ನಂಗೆ ಬೆಂಕೀನೇ ಬರ್ತದೆ, ಎದ್ದೋಗ್ರಮ್ಮ" ಎಂದು ಅವರು ಸೌಟು ತೋರಿಸುತ್ತಿದ್ದರು. ಸೌಟು ಕಂಡರೆ ಸುಧಾ ಬಿಳಿಚಿಕೊಳ್ಳುವುದನ್ನು ನಾನು ನೋಡಿದ್ದು ಆಗಲೇ. ಅವಳ ಹಣೆಗೆ ನಾನು ಹೊಡೆದಿದ್ದೆನೆಂಬುದು ಅಂದು ನನ್ನನ್ನು ಚುಚ್ಚಿತು.

ಕೈಗೆ ಕೆಲಸವೆಂದರೆ ನಮಗೆ ಗೊತ್ತಿದ್ದದ್ದು ಊದುಬತ್ತಿ ಹೊಸೆಯುವುದು. ಹಾಸ್ಟೆಲ್ಲಿನ ಹುಡುಗಿಯರೆಲ್ಲ ಸಂಜೆ ಸಣ್ಣ ಮಣೆಯ ಮುಂದೆ ಕುಳಿತು ಅದನ್ನು ಮಾಡುತ್ತಿದ್ದೆವು. ಇದ್ದಿಲ ಪುಡಿ, ಅಂಟಿನ ಪುಡಿ ಕಲಸಿದ ಕಪ್ಪು ಹಿಟ್ಟನ್ನು ಬಿದಿರುಕಡ್ಡಿಗೆ ಅಂಟಿಸಿ ಅಂಗೈಯಲ್ಲಿ ಮಣೆಯ ಮೇಲೆ ಉರುಳಿಸಬೇಕು. ಒತ್ತಡ ಒಂದೇ ಸಮ ಇರಬೇಕು. ಎಲ್ಲಾದರೂ ಜಾಸ್ತಿ ಒತ್ತಿದರೆ ಅಲ್ಲಿ ಹಿಟ್ಟು ತೆಳ್ಳಗಾಗಿ ಕಡ್ಡಿ ಕಾಣುತ್ತದೆ, ಪಕ್ಕದಲ್ಲಿ ಗಂಟು ಕಟ್ಟುತ್ತದೆ, ಹಚ್ಚಿದರೆ ಅರ್ಧಕ್ಕೇ ಆರುತ್ತದೆ. ಮೇಡಂ ತಾವೂ ಕಲಿಯುತ್ತೇನೆಂದು ಕುಳಿತರು. ಅವರು ಹೊಸೆದದ್ದು ಹೆಬ್ಬೆರಳಿನಷ್ಟು ದಪ್ಪ ಬಂತು. ನಾವು ಬಿದ್ದು ಬಿದ್ದು ನಕ್ಕೆವು. ಆದರೆ ಅವರು ಬೇರೊಂದನ್ನು ಗಮನಿಸಿದ್ದರು. ಮನೆಯ ಮಾತು ಬಂದಾಗಲೆಲ್ಲ ನಮ್ಮ ಕಡ್ಡಿಗಳು ಗಂಟು ಕಟ್ಟುತ್ತಿದ್ದವು.

ಅಲ್ಲಿಂದ ನಮ್ಮ ನಿಜವಾದ ಕ್ಲಾಸು ಶುರುವಾಯಿತು. ಮಣೆಯ ಮುಂದೆ ಕುಳಿತು ಹೊಸೆಯುತ್ತಿರಬೇಕು. ಯಾವುದನ್ನು ಕಂಡರೆ, ಕೇಳಿದರೆ ನಮಗೆ ಹತ್ತಿಕೊಳ್ಳುತ್ತದೋ ಅದನ್ನು ನಮ್ಮ ಒಪ್ಪಿಗೆ ಪಡೆದು ಮೇಡಂ ಎದುರಿಗೆ ತರುತ್ತಿದ್ದರು. ಸುಧಾಳಿಗೆ ಸೌಟು. ನನಗೆ ವಾಚು. ಅವರು ಬೇಕಾದರೆ ಬೆಲ್ಟಿನ ವಾಚು ಕಟ್ಟಿಕೊಂಡು ಬರಬಹುದಿತ್ತು. ಆದರೆ ಆ ಹೆಂಗಸೂ ಹಟಮಾರಿ. ಗಾಜು ಹಾಕಿಸಿಕೊಂಡು ಅದೇ ಸ್ಟೀಲು ಪಟ್ಟಿಯದನ್ನೇ ಕಟ್ಟಿಕೊಂಡು ಬಂದರು. ಮೊದಲು ಹಾಲ್‌ನ ಆ ತುದಿಯಲ್ಲಿ ನಿಂತು ಕೇಳುತ್ತಿದ್ದರು, "ರಾಜಿ, ವಾಚು ಬಿಚ್ಚಲಾ?" ನಾನು ಹೂಂ ಎಂದರೆ ಮಾತ್ರ ಬಿಚ್ಚುತ್ತಿದ್ದರು. ಬೇಡವೆಂದರೆ ಬಿಚ್ಚುತ್ತಿರಲಿಲ್ಲ. ಜೀವನದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಟಕ್ ಎಂದಾಗ ಕಡ್ಡಿ ಮುರಿಯುತ್ತಿತ್ತು. ಆಮೇಲಾಮೇಲೆ ಮುರಿಯದೆ ಗಂಟು ಕಟ್ಟುತ್ತಿತ್ತು. ಮೇಡಂ ಒಂದೊಂದು ವಾರವೂ ಒಂದಿಷ್ಟು ಹತ್ತಿರ ಬರುತ್ತಿದ್ದರು. ನಮ್ಮ ಸೊಟ್ಟ ಕಡ್ಡಿಗಳನ್ನು ಯಾರೂ ಕೊಳ್ಳುತ್ತಿರಲಿಲ್ಲವಾದ್ದರಿಂದ ಅವು ಹಾಸ್ಟೆಲ್ಲಿನ ದೇವರ ಮನೆಗೆ ಹೋಗುತ್ತಿದ್ದವು. ಪೂಜೆಯ ನಡುವೆ ಆರಿಹೋಗುವ ಕಡ್ಡಿಗಳನ್ನು ಮತ್ತೆ ಮತ್ತೆ ಹಚ್ಚುತ್ತ ಗೌರಮ್ಮನವರು, "ನಿಮ್ಮ ಸಿಟ್ಟು ಶಿವನಿಗೂ ತಪ್ಪಲಿಲ್ಲ ಕಣ್ರಮ್ಮ" ಎಂದು ಗೊಣಗುತ್ತಿದ್ದರು.

ಒಂದು ದಿನ ಮೇಡಂ ಕೇಳಿದರು. "ಬೆರಳು ತಣ್ಣಗಾದಾಗ ಅದಕ್ಕೆ ಸಿಟ್ಟು ಅಂತೀಯಲ್ಲ, ಅದು ಸಿಟ್ಟೇನಾ?"

"ಸಿಟ್ಟೇ" ಎಂದೆ. ಹೊಸೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ನನ್ನ ಬಾಯಿಂದ, "ಭಯ" ಎಂದು ಬಂತು. ಹೇಳಿ ನಾಚಿಕೆಯಾಯಿತು. ಇಡೀ ಹಾಸ್ಟೆಲ್ಲು ಹೆದರುವ ನಾನು ಹೆದರುಪುಕ್ಕಲಿ ಎಂದು ಎಲ್ಲರೆದುರು ಒಪ್ಪಿಕೊಂಡ ಹಾಗಾಯಿತು. ಕಪ್ಪು ಕೈಯಲ್ಲೇ ಕಣ್ಣು ಒರೆಸಿಕೊಂಡೆ. ಯಾರೂ ನಗಲಿಲ್ಲ. ಸುಧಾ ತನ್ನ ಮಣೆಯನ್ನು ಎಳೆದುಕೊಂಡು ನನ್ನ ಪಕ್ಕಕ್ಕೆ ಬಂದು ಕುಳಿತಳು.

ಸಂಕ್ರಾಂತಿ ಕಳೆದು ಪರೀಕ್ಷೆ ಹತ್ತಿರ ಬರುವಾಗ ಅವ್ವ ಹೂ ಮಾರುವ ಒಬ್ಬಾಕೆಯ ಮೂಲಕ ಹೇಳಿ ಕಳಿಸಿದಳು. ಅಪ್ಪ ಇಲವಾಲದ ಕಡೆಯ ಒಬ್ಬನಿಗೆ ನನ್ನನ್ನು ಕೊಡಲು ಮಾತಾಡಿದ್ದಾನೆ, ಅವನಿಗೆ ಎರಡನೆಯ ಸಂಬಂಧ, ಇಷ್ಟರಲ್ಲೇ ಅಪ್ಪನೇ ನನ್ನನ್ನು ಕರೆದೊಯ್ಯಲು ಬರುತ್ತಾನೆ ಎಂದು. ಗೌರಮ್ಮನವರ ಬಳಿಗೆ ಓಡಿದೆ.

ಅವರು ಮುಂದಿದ್ದ ರಿಜಿಸ್ಟರು ಮುಚ್ಚಿಟ್ಟರು. "ಹೆತ್ತ ತಂದೆ ಬಂದು ನಿಂತ್ರೆ ನಾನೇನು ಹೇಳ್ಲಿ ರಾಜಿ? ನೀನು ಸರಿಯಾಗಿದ್ದಿದ್ರೆ ಹಾಸ್ಟೆಲ್ ನಡೆಸೋ ಟ್ರಸ್ಟಿನವರ ಹತ್ರ ನಿನ್ನ ಪರವಾಗಿ ವಾದ ಮಾಡ್ತಿದ್ದೆ. ಹೊಡೆದಾಡೋ ಹುಡುಗೀನ ಇಟ್ಕೊಂಡು ಏನ್ಮಾಡ್ತೀರಿ, ಕಳಿಸಿ ಅಂತಾರೆ ಅವರು. ಇನ್ನೊಂದ್ಸಲ ಕೈ ಎತ್ತಿದ್ರಂತೂ ನನ್ನ ಕೈಲಿ ಏನೂ ಇಲ್ಲ" ಎಂದರು. ಅಂದಿನಿಂದ ಒಂದೇ ಹಟ ಹಿಡಿದೆ. ಪರೀಕ್ಷೆ ಬರೆಯಬೇಕು. ಅದಕ್ಕೆ ಇಲ್ಲಿರಬೇಕು. ಇಲ್ಲಿರಬೇಕಾದರೆ ಯಾರು ಏನು ಮಾಡಿದರೂ ಕೈ ಎತ್ತಬಾರದು.

ಅಪ್ಪ ಬಂದದ್ದು ಬುಧವಾರ. ಲಲಿತಾ ಮೇಡಂ ಬರುವ ದಿನವಲ್ಲ. ಬಿಳಿ ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು, ಗೌರಮ್ಮನವರಿಗೆ ಕೈ ಮುಗಿದು ಕುರ್ಚಿಯ ತುದಿಯಲ್ಲಿ ಕುಳಿತಿದ್ದ. ಅವನನ್ನು ನೋಡಿದವರು ಯಾರೂ ಕೆಟ್ಟವನೆನ್ನುವ ಹಾಗಿರಲಿಲ್ಲ.

"ಇವಳಿಂದ ನಿಮಗೆಲ್ಲ ಬಾಳ ತೊಂದ್ರೆ ಅಂತ ಕೇಳ್ದೆ ಅಮ್ಮಾವ್ರೇ. ಕರ್ಕೊಂಡೋಗ್ತೀನಿ ಬುಡಿ. ಬಟ್ಟೆ ಕಟ್ಕೊ ಓಗಮ್ಮೀ."

"ನಾನು ಬರಲ್ಲ. ಪರೀಕ್ಷೆ ಬರೀಬೇಕು."

ಅಪ್ಪ ಗೌರಮ್ಮನವರತ್ತ ನೋಡಿ ನಕ್ಕ. "ನೋಡುದ್ರಾ ಬಾಯ? ಎಲ್ಲಾ ಅವ್ರವ್ವಂದೇ. ಈಗ ನೋಡ್ತಿರಿ, ನನ್ ಮ್ಯಾಲೂ ಕೈ ಮಾಡ್ತಾಳೆ. ಮಾಡಿರೋಳೇ ಇವಳು."

ಹಾಗೆನ್ನುತ್ತಲೇ ಬಲಗೈಯ ವಾಚು ಬಿಚ್ಚಿ ಮೇಜಿನ ಮೇಲಿಟ್ಟ. ಟಕ್.

ಕಿರುಬೆರಳು ತಣ್ಣಗಾಯಿತು. ಮೇಜಿನ ಮೇಲೆ, ನನ್ನ ಕೈಗೆಟುಕುವ ಕಡೆ, ಕಾಗದ ಹಾರದ ಹಾಗಿಡುವ ದಪ್ಪ ಗಾಜಿನ ಗುಂಡಿತ್ತು. ಅದು ಎಷ್ಟು ಭಾರ ಇರಬಹುದೆಂದು ನನ್ನ ಕೈಗೆ ಆಗಲೇ ಗೊತ್ತಾಗಿತ್ತು. ಹೊಗೆ, ಹೊಗೆ, ಇದು ಹೊಗೆ ಎಂದು ಒಳಗೇ ಹೇಳಿಕೊಂಡೆ. ಕೈಗೆ ಕೆಲಸ ಕೊಡಬೇಕು. ಅಲ್ಲಿ ಏನು ಕೆಲಸವಿದೆ? ತೋಚದೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತುಬಿಟ್ಟೆ. ಕೆಂಪು ಗಾರೆ ನೆಲದ ಮೇಲೆ ಎರಡೂ ಅಂಗೈ ಊರಿ, ಕಡ್ಡಿಯಿಲ್ಲ, ಹಿಟ್ಟಿಲ್ಲ, ಸುಮ್ಮನೆ ಹಿಂದೆ ಮುಂದೆ ಉರುಳಿಸತೊಡಗಿದೆ.

"ಏನಮ್ಮೀ ಇದು, ಉಚ್ಚು ಇಡೀತಾ? ಎದ್ದೇಳು ಮ್ಯಾಕೆ!"

ಬಾಯಲ್ಲಿ ಹೆಸರು ಹೇಳಬೇಕು. ಅಪ್ಪನನ್ನು ನೋಡದೆ ಗೌರಮ್ಮನವರನ್ನೇ ನೋಡುತ್ತ ಹೇಳಿದೆ. "ಮೇಡಂ, ನಂಗೆ ಭಯ ಆಗ್ತಿದೆ. ಅಪ್ಪ ವಾಚು ಬಿಚ್ಚಿಟ್ರೆ ಹೊಡೀತಾರೆ. ಈಗ ಹೊಡೀತಾರೆ. ನಾನು ಕೈ ಎತ್ತಲ್ಲ."

ಆ ಮಾತು ಕೇಳಿಸಿಕೊಂಡಾದರೂ ಅವನು ಸುಮ್ಮನಿದ್ದಿದ್ದರೆ ಅಂದು ಅವನೇ ಗೆಲ್ಲುತ್ತಿದ್ದ. ನನ್ನನ್ನು ಸುಳ್ಳಿ ಎಂದು ಕರೆದುಕೊಂಡು ಹೋಗುತ್ತಿದ್ದ. ಆದರೆ ಅವನಿಗೆ ಹೊಗೆ ಹುಡುಕುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆನ್ನೆಗೆ ಒಂದು ಬಿತ್ತು. ಕಿವಿ ಗುಂಯ್ ಎಂದಿತು. ನನ್ನ ಅಂಗೈ ನೆಲದ ಮೇಲೆ ಹೋಗಿ ಬಂತು. ಇನ್ನೊಂದು ಬಿತ್ತು. ಅಂಗೈ ಹೋಗಿ ಬಂತು. ಜೋರಾಗಿ ಒತ್ತಬಾರದು, ಗಂಟು ಕಟ್ಟುತ್ತದೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಮೂರನೆಯದಕ್ಕೆ ಅವನು ಕೈ ಎತ್ತುವಷ್ಟರಲ್ಲಿ ಕುರ್ಚಿ ಹಿಂದೆ ಸರಿದ ಸದ್ದಾಯಿತು. ಗೌರಮ್ಮನವರು ಎದ್ದು ನಿಂತಿದ್ದರು. ಮೇಜಿನ ಮೇಲಿದ್ದ ವಾಚು ತೆಗೆದುಕೊಂಡು ಅಪ್ಪನ ಮುಂದೆ ಚಾಚಿದರು.

"ತಗೊಳ್ಳಿ, ಕಟ್ಕೊಳ್ಳಿ. ಕೈ ಎತ್ತೋರಿಗೆ ಇಲ್ಲಿ ಜಾಗ ಇಲ್ಲ."

"ನಾನು ಇವಳ ಎತ್ತಪ್ಪ ಕಣ್ರೀ!"

"ಯಾರಾದ್ರೂ ಅಷ್ಟೇ. ಈ ಹಾಸ್ಟೆಲ್ಲಿನ ರೂಲ್ಸು ಅದು. ಇವಳನ್ನ ತಂದು ಸೇರಿಸಿದ್ದು ಇವಳ ತಾಯಿ, ಕೇಳೋದಿದ್ರೆ ಅವರು ಬಂದು ಕೇಳಲಿ. ಹದಿನೆಂಟು ತುಂಬದ ಹುಡುಗಿಗೆ ಮದುವೆ ಮಾತಾಡಿದ್ದೀರಂತೆ. ಸ್ಟೇಷನ್ನಿನವರನ್ನ ಕರೆಸ್ಲಾ, ಇಲ್ಲ ನೀವಾಗೇ ಹೋಗ್ತೀರಾ?"

ಅಪ್ಪ ವಾಚು ಕಿತ್ತುಕೊಂಡ. ಕಟ್ಟಿಕೊಳ್ಳಲು ನೋಡಿದ, ಪಟ್ಟಿಯ ಕೊಕ್ಕೆ ಕೂರಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಹೊರಗೆ ನಡೆದ. ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆಯೇ ನನ್ನ ಅಂಗೈ ನೆಲದ ಮೇಲೆ ನಿಂತದ್ದು. ಬಾಗಿಲ ಹಿಂದೆ ನಿಂತಿದ್ದ ಸುಧಾ ಓಡಿಬಂದು ತಬ್ಬಿಕೊಂಡಳು. "ಇನ್ನೊಂದು ಏಟು ಹೊಡೆದಿದ್ರೆ ನಾನು ಬಂದು ಕಚ್ಚಿಬಿಡ್ತಿದ್ದೆ ಕಣೆ, ಕ್ಲಾಸು ಹಾಳಾಗೋಗ್ಲಿ" ಎಂದಳು. ಅಳುತ್ತಲೇ ನಕ್ಕೆ. ಗೌರಮ್ಮನವರು ತಾವೇ ಅಡುಗೆಮನೆಗೆ ಹೋಗಿ ಬಿಸಿ ಹಾಲು ತಂದುಕೊಟ್ಟು, ಕುಡಿಯುವವರೆಗೂ ಎದುರಿಗೇ ನಿಂತಿದ್ದರು.

ಭಾನುವಾರ ಬಂದ ಲಲಿತಾ ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಶಭಾಷ್ ಎನ್ನಲಿಲ್ಲ. "ಬೆರಳು ಈಗ ಹೇಗಿದೆ?" ಎಂದು ಕೇಳಿದರು. ಬೆಚ್ಚಗಿದೆ ಎಂದು ತೋರಿಸಿದೆ. ಅದನ್ನು ಹಿಡಿದುಕೊಂಡು, ಆ ಕಡೆ ಮುಖ ಮಾಡಿ ಕನ್ನಡಕ ತೆಗೆದು ಒರೆಸಿಕೊಂಡರು.

ಪರೀಕ್ಷೆ ಬರೆದೆ, ಪಾಸೂ ಆದೆ. ಮುಂದೆ ಓದಿ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆದೆ. ಚಿಲ್ಲರೆಗಾಗಿ ಜಗಳ, ನಿಲ್ಲಿಸದ ಸ್ಟಾಪಿಗಾಗಿ ಜಗಳ, ದಸರಾ ಸಮಯದಲ್ಲಿ ಚಾಮುಂಡಿ ಬೆಟ್ಟದ ರೂಟು ಹಾಕಿದರಂತೂ ಕೇಳುವುದೇ ಬೇಡ. ಮೆಣಸಿನಕಾಯಿ ಕ್ಲಾಸಿಗೆ ಹೋಗದವರು ಈ ಕೆಲಸವನ್ನು ಹೇಗೆ ಮಾಡುತ್ತಾರೋ ನನಗಂತೂ ಆಶ್ಚರ್ಯ. ಅವ್ವ ಅಂದೇ ಮನೆ ಬಿಟ್ಟು ಬಂದಳು ಎಂದು ಬರೆಯಲು ನನಗೂ ಆಸೆ. ಆದರೆ ಅವಳಿಗೆ ಆ ಧೈರ್ಯ ಬರಲು ಇನ್ನೂ ಕೆಲವು ವರ್ಷಗಳೇ ಬೇಕಾದವು. ಈಗ ನನ್ನ ಜೊತೆಯಲ್ಲೇ ಇದ್ದಾಳೆ.

ಸಿಟ್ಟು ಹೋಯಿತೇ ಎಂದರೆ, ಇಲ್ಲ. ಕಳೆದ ವರ್ಷ, 2008ರಲ್ಲಿ, ಡ್ಯೂಟಿಗೆ ಹೊರಡುವ ಹೊತ್ತಿಗೆ ನನ್ನ ಐದು ವರ್ಷದ ಮಗಳು ಇಸ್ತ್ರಿ ಮಾಡಿಟ್ಟ ಯೂನಿಫಾರ್ಮಿನ ಮೇಲೆ ಬಣ್ಣದಲ್ಲಿ ಮನೆ, ಮರ, ಸೂರ್ಯ ಎಲ್ಲ ಬರೆದಿಟ್ಟಿದ್ದಳು. ನಾನು ಕೂಗಿಕೊಂಡೆ. ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದ ಅವ್ವನ ಲಟ್ಟಣಿಗೆ ಫಕ್ಕನೆ ನಿಂತಿತು. ಏಕೆಂದು ತಿರುಗಿ ನೋಡಿದೆ. ಅವ್ವ ಗೋಡೆಗೆ ಒತ್ತಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದಳು. ನನ್ನ ಎಡಗೈ ತಾನಾಗಿಯೇ ಬಲಗೈಯ ವಾಚಿನ ಪಟ್ಟಿಯ ಮೇಲೆ ಹೋಗಿತ್ತು.

ಪಟ್ಟಿ ಇನ್ನೂ ಬಿಚ್ಚಿರಲಿಲ್ಲ. ಕೈ ಎತ್ತೋರಿಗೆ ಇಲ್ಲಿ ಜಾಗ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೊರಗೆ ನಡೆದು, ಮೆಟ್ಟಿಲ ಮೇಲೆ ಕುಳಿತೆ. ಸ್ವಲ್ಪ ಹೊತ್ತಿಗೆ ಮಗಳು ಬಾಗಿಲ ಸಂದಿಯಿಂದ ಇಣುಕಿ, "ಹೊಗೆ ಹೋಯ್ತಾ ಅಮ್ಮ?" ಎಂದು ಕೇಳಿದಳು. ಇನ್ನೂ ಸ್ವಲ್ಪ ಇದೆ, ತಡಿ ಎಂದೆ. ಅವಳು ಬಂದು ಪಕ್ಕದಲ್ಲಿ ಕುಳಿತು ಕಾದಳು.

ವಾಚು ಕಟ್ಟುವುದನ್ನೇ ಬಿಡೋಣವೆಂದುಕೊಂಡೆ. ಬಿಟ್ಟರೆ ಲಲಿತಾ ಮೇಡಂ ಒಪ್ಪುತ್ತಿರಲಿಲ್ಲ ಎನಿಸಿತು. ಈಗ ಡ್ಯೂಟಿ ಮುಗಿಸಿ ಬಂದು ಅದನ್ನು ಬಿಚ್ಚುವ ಮೊದಲು ದಿನವೂ ಮಗಳನ್ನು ಕೇಳುತ್ತೇನೆ, "ವಾಚು ಬಿಚ್ಚಲಾ?" ಅವಳಿಗೆ ಅದೊಂದು ಆಟ. ಒಮ್ಮೊಮ್ಮೆ ಬೇಡ ಎಂದು ಸತಾಯಿಸುತ್ತಾಳೆ, ನಾನು ಕಾಯುತ್ತೇನೆ. ಕೊನೆಗೆ ಹೂಂ ಎನ್ನುತ್ತಾಳೆ. ಟಕ್ ಎಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಒಳಗೆ ಅವ್ವನ ಲಟ್ಟಣಿಗೆ ನಿಲ್ಲದೆ ಓಡುತ್ತಿರುತ್ತದೆ.